ಶಿಲುಬೆ ಹೊರು ಎಂದು ಹೇಳುವವರು ಯಾರು?

ಹನ್ನೆರಡನೇ ಶತಮಾನದ ಫ್ರಾನ್ಸಿನಲ್ಲಿ ಬದುಕಿದ್ದ ಸಂತ ಬರ್ನಾರ್ಡರು 1115ರಲ್ಲಿ, ಇಪ್ಪತ್ತೈದರ ಹರೆಯದಲ್ಲೇ, ಕ್ಲೇರ್ವೋ ಎಂಬಲ್ಲಿ ಮಠ ಕಟ್ಟಿ ಅದರ ಮುಖ್ಯಸ್ಥರಾದವರು. ಉಪವಾಸ, ಜಾಗರಣೆ, ದೇಹದಂಡನೆಯಲ್ಲಿ ಅವರಿಗೆ ಸಾಟಿಯಾದವರು ಆ ಕಾಲದಲ್ಲಿ ಕಡಿಮೆ. ಕೆಲವೇ ವರ್ಷಗಳಲ್ಲಿ ಅವರ ಹೊಟ್ಟೆ ಪೂರ್ತಿ ಕೆಟ್ಟುಹೋಯಿತು, ತಿಂದದ್ದು ಒಳಗೆ ನಿಲ್ಲದಾಯಿತು. ಮಠವಾಸಿಗಳ ಜತೆ ಪ್ರಾರ್ಥನೆಗೆ ನಿಂತಾಗಲೂ ವಾಂತಿಯಾಗುತ್ತಿದ್ದುದರಿಂದ ಅವರು ನಿಲ್ಲುವ ಜಾಗದ ಪಕ್ಕದಲ್ಲೇ ನೆಲ ತೋಡಿ ಅದಕ್ಕೊಂದು ಏರ್ಪಾಡು ಮಾಡಿದ್ದರೆಂದು ಅವರ ಗೆಳೆಯ, ಸೇಂಟ್ ಥಿಯೆರಿಯ ವಿಲಿಯಂ ಬರೆದಿಟ್ಟಿದ್ದಾರೆ. ನಾಲಿಗೆಯ ರುಚಿ ಎಷ್ಟು ಸತ್ತಿತ್ತೆಂದರೆ, ನೀರೆಂದುಕೊಂಡು ಎಣ್ಣೆ ಕುಡಿದದ್ದೂ ಉಂಟಂತೆ. ಕೊನೆಗೆ ಬಿಷಪರೊಬ್ಬರು ಮೇಲಿನವರ ಅಪ್ಪಣೆ ತಂದು, ಈ ಯುವ ಮಠಾಧಿಪತಿಯನ್ನು ಒಂದು ವರ್ಷ ಮಠದಾಚೆಯ ಗುಡಿಸಲಿನಲ್ಲಿ ಚಿಕಿತ್ಸೆಗೆ ಕೂರಿಸಬೇಕಾಯಿತು. ವಯಸ್ಸಾದ ಮೇಲೆ ಇದೇ ಬರ್ನಾರ್ಡರು ತಮ್ಮ ಯೌವನದ ಆ ಉಗ್ರ ವ್ರತಗಳನ್ನು ನೆನೆದು ತಮ್ಮ ಮೇಲೆಯೇ ತಪ್ಪು ಹೊರಿಸಿಕೊಳ್ಳುತ್ತಿದ್ದರು. ದೇವರ ಸೇವೆಗೆ, ಸೋದರರ ಸೇವೆಗೆ ಸಲ್ಲಬೇಕಿದ್ದ ದೇಹವನ್ನು ವಿವೇಕವಿಲ್ಲದ ಉತ್ಸಾಹದಿಂದ ಕೆಲಸಕ್ಕೆ ಬಾರದಂತೆ ಮಾಡಿಬಿಟ್ಟೆ, ಅದು ದೇವರ ಸೊತ್ತನ್ನೇ ಕದ್ದ ಪಾಪ ಎಂಬುದು ಅವರ ಕೊರಗಾಗಿತ್ತು.

ಒಂಬೈನೂರು ವರ್ಷ ಹಿಂದಿನ ಈ ಪ್ರಸಂಗವನ್ನು ಎತ್ತಿಕೊಳ್ಳಲು ಕಾರಣವಿದೆ. ತನ್ನನ್ನು ತೊರೆದು, ಶಿಲುಬೆ ಹೊತ್ತು ತಮ್ಮ ಹಿಂದೆ ಬರಬೇಕೆಂದು ಯೇಸು ಕೊಟ್ಟ ಕರೆ ಕ್ರೈಸ್ತ ಬದುಕಿನ ತಿರುಳು. ತಪಸ್ಸುಕಾಲದ ದಿನಗಳಲ್ಲಿ ಚರ್ಚುಗಳಲ್ಲಿ ಅದು ಮತ್ತೆ ಮತ್ತೆ ಕೇಳಿಬರುತ್ತದೆ. ಅದೇ ಯೇಸು, ನೆರೆಯವರನ್ನು ಎಷ್ಟು ಪ್ರೀತಿಸಬೇಕು ಎಂಬುದಕ್ಕೆ ಅಳತೆಗೋಲಾಗಿ ಎತ್ತಿ ಹಿಡಿದದ್ದು ಮನುಷ್ಯನಿಗೆ ತನ್ನ ಮೇಲಿರುವ ಪ್ರೀತಿಯನ್ನು. ತನ್ನನ್ನು ತೊರೆಯಬೇಕು, ತನ್ನನ್ನು ಪ್ರೀತಿಸಲೂಬೇಕು ಎಂದರೆ ಹೇಗೆ? ಮೊದಲನೆಯದನ್ನು ಗಟ್ಟಿಯಾಗಿ ಹೇಳಿ ಎರಡನೆಯದನ್ನು ಮರೆಸಿಬಿಡುವ ಅಭ್ಯಾಸ ನಮ್ಮ ಪ್ರವಚನಗಳಲ್ಲಿ ಬೇರೂರಿದೆ. ನನ್ನ ವಾದ ಇಷ್ಟು: ತಾನು ಯಾರು, ತನ್ನಲ್ಲೇನಿದೆ ಎಂಬ ಅರಿವಿಲ್ಲದೆ, ದೇವರು ಕೊಟ್ಟ ಸ್ವಂತ ಬದುಕಿನ ಮೇಲೆ ಆದರವಿಲ್ಲದೆ ಮಾಡಿದ ತ್ಯಾಗ ಕ್ರೈಸ್ತ ಅರ್ಥದ ಸ್ವತ್ಯಾಗವಾಗುವುದಿಲ್ಲ. ಆದ್ದರಿಂದಲೇ ಅದನ್ನು ಒಬ್ಬರು ತಾವಾಗಿ ಕೈಗೊಳ್ಳಬಹುದೇ ಹೊರತು ಇನ್ನೊಬ್ಬರ ಹೆಗಲಿಗೆ ಹೇರಲು ಬರುವುದಿಲ್ಲ. ಹೇರುವವರಿಗೇ ಅದರಿಂದ ಲಾಭವಿದ್ದರೆ ಅದು ಧರ್ಮದ ಮಾತಾಗಿ ಉಳಿಯುವುದೂ ಇಲ್ಲ.

ಬರ್ನಾರ್ಡರು ಮುಂದೆ ದೇವರ ಪ್ರೀತಿಯನ್ನು ಕುರಿತು ಒಂದು ಚಿಕ್ಕ ಗ್ರಂಥ ಬರೆದರು. ಪ್ರೀತಿಗೆ ನಾಲ್ಕು ಮೆಟ್ಟಿಲು ಎಂಬುದು ಅದರ ವಿಚಾರ. ಮನುಷ್ಯ ಮೊದಲು ತನಗಾಗಿ ತನ್ನನ್ನು ಪ್ರೀತಿಸುತ್ತಾನೆ. ಕಷ್ಟ ಬಂದಾಗ ತನ್ನ ಅನುಕೂಲಕ್ಕಾಗಿ ದೇವರನ್ನು ಪ್ರೀತಿಸಲು ಕಲಿಯುತ್ತಾನೆ. ಆಮೇಲೆ ದೇವರಿಗಾಗಿಯೇ ದೇವರನ್ನು ಪ್ರೀತಿಸುತ್ತಾನೆ. ಸನ್ಯಾಸಿಯೊಬ್ಬರು ಬರೆದ ಪುಸ್ತಕ ಇಲ್ಲಿಗೆ ಮುಗಿಯುತ್ತದೆ ಎಂದೇ ಓದುಗರು ನಿರೀಕ್ಷಿಸುತ್ತಾರೆ. ಬರ್ನಾರ್ಡರು ನಿಲ್ಲಿಸುವುದಿಲ್ಲ. ಎಲ್ಲಕ್ಕಿಂತ ಮೇಲಿನ ನಾಲ್ಕನೇ ಮೆಟ್ಟಿಲಲ್ಲಿ ಮನುಷ್ಯ ದೇವರಿಗಾಗಿ ತನ್ನನ್ನು ಪ್ರೀತಿಸುತ್ತಾನೆ ಎನ್ನುತ್ತಾರೆ. ಅಂದರೆ ಏಣಿ ಹತ್ತಿದವನು ತನ್ನನ್ನು ಕಳೆದುಕೊಂಡು ಶೂನ್ಯನಾಗುವುದಿಲ್ಲ. ತನ್ನ ಕಡೆಗೇ ಮರಳಿ ಬರುತ್ತಾನೆ, ಆದರೆ ಈ ಸಲ ದೇವರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳುತ್ತಾನೆ. ಈ ಮಾತನ್ನು ಅವರು ಬರೀ ತತ್ತ್ವವಾಗಿ ಉಳಿಸಲೂ ಇಲ್ಲ. 1145ರಲ್ಲಿ ಅವರದೇ ಮಠದ ಶಿಷ್ಯರೊಬ್ಬರು ಮೂರನೇ ಯುಜೀನ್ ಎಂಬ ಹೆಸರಿನಲ್ಲಿ ಪೋಪರಾದರು. ವ್ಯಾಜ್ಯ, ಮನವಿ, ರಾಜಕೀಯದ ಗದ್ದಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮುಳುಗಿದ್ದ ಆ ಶಿಷ್ಯನಿಗೆ ಬರ್ನಾರ್ಡರು ಬರೆದ ಬುದ್ಧಿಮಾತಿನ ಪುಸ್ತಕ ಇವತ್ತು ಓದಿದರೂ ಬೆರಗು ಹುಟ್ಟಿಸುತ್ತದೆ. ಊರಿಗೆಲ್ಲ ನಿಮ್ಮನ್ನು ಹಂಚುತ್ತಿದ್ದೀರಿ, ಆ ಹಂಚಿಕೆಯಲ್ಲಿ ನಿಮಗೂ ಒಂದು ಪಾಲಿರಲಿ, ಇಲ್ಲದಿದ್ದರೆ ನಿಮ್ಮ ಎದೆ ಕಲ್ಲಾಗುತ್ತದೆ, ಅದು ಕಲ್ಲಾದದ್ದು ನಿಮಗೆ ಗೊತ್ತೂ ಆಗುವುದಿಲ್ಲ ಎಂಬುದು ಅದರ ಭಾವ. ಚಿಂತನೆಯನ್ನು ನಿಮ್ಮಿಂದಲೇ ಆರಂಭಿಸಿ ಎಂದೂ ಹೇಳುತ್ತಾರೆ. ಪೋಪರಿಗೇ ಈ ಮಾತು ಸಲ್ಲುವುದಾದರೆ, ದಿನಕ್ಕೆರಡು ಪಾಳಿ ದುಡಿಯುವ ಕಾನ್ವೆಂಟಿನ ಸಿಸ್ಟರಿಗೆ, ಅತ್ತೆಮಾವಂದಿರ ಆರೈಕೆಯಲ್ಲಿ ಹತ್ತು ವರ್ಷ ಸವೆಸಿದ ಸೊಸೆಗೆ ಏಕೆ ಸಲ್ಲಬಾರದು?

ಇದು ಬರ್ನಾರ್ಡರೊಬ್ಬರ ಅಭಿಪ್ರಾಯವಲ್ಲ. ಮಧ್ಯಯುಗದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರು ಅತಿಯಾದ ಸ್ವಪ್ರೀತಿಯೇ ಎಲ್ಲ ಪಾಪದ ಬೇರು ಎಂದು ಬರೆದವರು. ಅವರೇ ಅದೇ ಗ್ರಂಥದಲ್ಲಿ, ಕೆಟ್ಟವರು ನಿಜಕ್ಕೂ ತಮ್ಮನ್ನು ಪ್ರೀತಿಸುವುದಿಲ್ಲ, ಏಕೆಂದರೆ ತಾವು ಯಾರೆಂಬುದನ್ನೇ ಅವರು ತಪ್ಪಾಗಿ ತಿಳಿದಿರುತ್ತಾರೆ ಎಂದೂ ಹೇಳಿದ್ದಾರೆ. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಪಾಪಭೀತಿಯಿಂದ ನರಳಿ, ತಾವಿದ್ದ ಕೋಣೆಯ ದೊಡ್ಡ ಕಂಡಿಯಿಂದ ಹಾರಿಕೊಳ್ಳಬೇಕೆಂಬ ಯೋಚನೆಗೂ ಈಡಾಗಿದ್ದರು. ಒಂದು ವಾರ ಅನ್ನನೀರು ಬಿಟ್ಟವರನ್ನು ಉಣ್ಣುವಂತೆ ಮಾಡಿದ್ದು ಪಾಪನಿವೇದನೆ ಕೇಳುತ್ತಿದ್ದ ಗುರುವಿನ ಆಜ್ಞೆ. ಆ ಅನುಭವ ಅವರಿಗೆ ಪಾಠವಾಯಿತು. 1548ರಲ್ಲಿ ಗಾಂಡಿಯಾದ ಡ್ಯೂಕ್ ಫ್ರಾನ್ಸಿಸ್ ಬೋರ್ಜಿಯಾರಿಗೆ ಬರೆದ ಪತ್ರದಲ್ಲಿ, ಉಪವಾಸವನ್ನೂ ದೇಹದಂಡನೆಯನ್ನೂ ತಗ್ಗಿಸಿ ಹೊಟ್ಟೆಯನ್ನು ಸರಿಪಡಿಸಿಕೊಳ್ಳುವಂತೆ, ಆತ್ಮದಂತೆ ದೇಹವೂ ದೇವರದೇ ಆದ್ದರಿಂದ ಅದರ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆಂಬ ಅರ್ಥದಲ್ಲಿ ಬುದ್ಧಿ ಹೇಳಿದರು. ಆ ಇಗ್ನೇಷಿಯಸರ ಸಭೆಯವರೇ 1880ರಲ್ಲಿ ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ತೆರೆದದ್ದು. ಅದಕ್ಕೂ ಹತ್ತು ವರ್ಷ ಮೊದಲೇ, 1870ರಲ್ಲಿ, ಮಂಗಳೂರಿಗೆ ಕಾರ್ಮೆಲ್ ಸನ್ಯಾಸಿನಿಯರು ಬಂದಿದ್ದರು. ಅವರ ಪರಂಪರೆಯ ತಾಯಿ ಅವಿಲಾದ ತೆರೇಸಾ 1577ರಲ್ಲಿ ಬರೆದ ಗ್ರಂಥದಲ್ಲಿ ಆತ್ಮವನ್ನು ಹಲವು ಕೋಣೆಗಳ ಕೋಟೆಯಾಗಿ ಕಂಡರು. ಅದರ ಮೊದಲ ಕೋಣೆಯೇ ತನ್ನರಿವಿನದು. ಎಷ್ಟು ಎತ್ತರಕ್ಕೆ ಏರಿದವರೂ ಆ ಕೋಣೆಯನ್ನು ಬಿಡುವಂತಿಲ್ಲ ಎಂದವರೂ ತೆರೇಸಾ, ಅಲ್ಲೇ ಕೂತುಬಿಡಬೇಡಿ ಎಂದು ಎಚ್ಚರಿಸಿದವರೂ ಅವರೇ. ಜೇನುನೊಣ ಗೂಡಿನೊಳಗೆ ದುಡಿದರೂ ಹೂವು ಹುಡುಕಲು ಹೊರಗೆ ಹಾರುತ್ತದೆ; ಹಾಗೆ ಆತ್ಮವೂ ತನ್ನ ಕೊಳೆಯನ್ನೇ ದಿಟ್ಟಿಸುತ್ತ ಕೂರದೆ ದೇವರ ಹಿರಿಮೆಯ ಕಡೆಗೆ ಹಾರಬೇಕು ಎಂಬುದು ಅವರ ಹೋಲಿಕೆ.

ಸುವಾರ್ತೆಗಳಲ್ಲೂ ಈ ಕ್ರಮ ಹಾಗೆಯೇ ಇದೆ. ಕೊನೆಯ ಭೋಜನದ ರಾತ್ರಿ ಅತಿ ದೊಡ್ಡ ಸ್ವತ್ಯಾಗದ ಪ್ರತಿಜ್ಞೆ ಮಾಡಿದವನು ಪೇತ್ರ. ಸೆರೆಮನೆಗೂ ಸಾವಿಗೂ ಸಿದ್ಧ ಎಂದ. ಕೋಳಿ ಕೂಗುವಷ್ಟರಲ್ಲಿ, ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾಗ ಒಬ್ಬ ದಾಸಿ ಕೇಳಿದ ಪ್ರಶ್ನೆಗೆ ಆ ಪ್ರತಿಜ್ಞೆ ಕುಸಿದುಬಿತ್ತು. ಪೇತ್ರ ಸುಳ್ಳು ಹೇಳಿರಲಿಲ್ಲ, ತನ್ನನ್ನು ತಾನು ತಿಳಿದಿರಲಿಲ್ಲ ಅಷ್ಟೇ. ಆಮೇಲೆ ಕೆರೆಯ ದಡದಲ್ಲಿ ಯೇಸು ಅವನನ್ನು ಮೂರು ಸಲ ಕೇಳುವಾಗ ಅವನ ಬಾಯಲ್ಲಿ ಜಂಬದ ಮಾತಿಲ್ಲ. ನನ್ನನ್ನು ನೀವೇ ಬಲ್ಲಿರಿ ಎಂಬಷ್ಟಕ್ಕೆ ನಿಲ್ಲುತ್ತಾನೆ. ಅವನು ಮುಂದೆ ಎಂಥ ಸಾವು ಸಾಯಲಿದ್ದಾನೆಂಬ ಸೂಚನೆ ಬರುವುದು ಅದಾದ ಮೇಲೆ. ಇನ್ನು ಯೇಸುವಿನ ನಡೆಯನ್ನೇ ನೋಡಿ. ನಜರೇತಿನ ಜನ ಬೆಟ್ಟದ ಅಂಚಿನಿಂದ ತಳ್ಳಲು ಎಳೆದೊಯ್ದಾಗ ಅವರು ನಡುವಿನಿಂದ ಹಾದು ಹೊರಟುಹೋದರು. ದೇವಾಲಯದಲ್ಲಿ ಕಲ್ಲೆತ್ತಿಕೊಂಡವರಿಂದ ಮರೆಯಾದರು. ಕಪೆರ್ನೌಮಿನ ಜನರೆಲ್ಲ ಹುಡುಕುತ್ತಿದ್ದಾಗ ನಸುಕಿಗೇ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋಗಿದ್ದರು, ಮತ್ತೆ ಆ ಊರಿಗೆ ಮರಳದೆ ಮುಂದಿನ ಊರಿನ ದಾರಿ ಹಿಡಿದರು. ಮಹಾಯಾಜಕನ ಮುಂದೆ ಕಾವಲುಗಾರ ಕೆನ್ನೆಗೆ ಹೊಡೆದಾಗ ಸುಮ್ಮನೆ ಸಹಿಸಲಿಲ್ಲ, ಹೊಡೆದದ್ದಕ್ಕೆ ಕಾರಣ ಕೇಳಿದರು. ಗೆತ್ಸೆಮನೆ ತೋಟದಲ್ಲಿ ಈ ಪಾತ್ರೆ ತಪ್ಪಲಿ ಎಂದು ಬೇಡಿಕೊಂಡರು. ಬದುಕಬೇಕೆಂಬ ತಮ್ಮ ಇಚ್ಛೆಯನ್ನು ಮುಚ್ಚಿಡದೆ ಹೇಳಿದ ಮೇಲೆಯೇ ಅದನ್ನು ತಂದೆಗೆ ಒಪ್ಪಿಸಿದರು. ಪ್ರಾಣವನ್ನು ತಮ್ಮಿಂದ ಯಾರೂ ಕಸಿಯುವುದಿಲ್ಲ, ತಾವಾಗಿಯೇ ಅದನ್ನು ಕೊಡುವುದು ಎಂಬುದು ಯೋಹಾನನ ಸುವಾರ್ತೆ ಕಾಣಿಸುವ ಯೇಸುವಿನ ನಿಲುವು. ಅವರನ್ನು ಹಿಂಬಾಲಿಸಿದ ಪೌಲನೂ ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡ, ಚಾಟಿಯೇಟಿಗೆ ಕಟ್ಟಿಹಾಕಿದಾಗ ರೋಮನ್ ಪೌರತ್ವದ ಹಕ್ಕು ಮುಂದಿಟ್ಟ. ಹೊಡೆತ ತಿನ್ನುವುದೇ ಪುಣ್ಯ ಎಂಬ ಧರ್ಮ ಇಲ್ಲಿ ಎಲ್ಲಿದೆ?

ಆದರೂ ಚರಿತ್ರೆಯಲ್ಲಿ ಶಿಲುಬೆಯ ಮಾತು ಯಾರ ಬಾಯಿಂದ ಹೊರಟು ಯಾರ ಕಿವಿಗೆ ಬಿತ್ತು ಎಂದು ನೋಡಿದರೆ ಎದೆ ಭಾರವಾಗುತ್ತದೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಇಸ್ರಾಯೇಲರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಅದರಿಂದ ತೆಗೆದುಹಾಕಿದ್ದರು. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಪೌಲನ ಬುದ್ಧಿವಾದ ಮಾತ್ರ ಉಳಿದಿತ್ತು. ನಮ್ಮಲ್ಲೂ ಇಂಥದ್ದು ಕಾನೂನಿನ ರೂಪದಲ್ಲಿತ್ತು. ಭಾರತದ ಕ್ರೈಸ್ತರಿಗೆ ಅನ್ವಯವಾಗುವ 1869ರ ವಿಚ್ಛೇದನ ಕಾಯ್ದೆಯ ಪ್ರಕಾರ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ವಿಚ್ಛೇದನಕ್ಕೆ ಸಾಕಾಗಿತ್ತು. ಹೆಂಡತಿಯಾದವಳು ಗಂಡನ ವ್ಯಭಿಚಾರದ ಜತೆಗೆ ಅವನ ಕ್ರೌರ್ಯವನ್ನೋ, ಎರಡು ವರ್ಷ ತನ್ನನ್ನು ತೊರೆದದ್ದನ್ನೋ ಸಾಬೀತು ಮಾಡಬೇಕಿತ್ತು. ಈ ತಾರತಮ್ಯ ಹೋಗಲು 2001ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆ 132 ವರ್ಷ ಕಾಯ್ದೆಯ ಪಠ್ಯದಲ್ಲಿ ಬರೀ ಏಟು ತಿಂದವಳಿಗೆ ವಿಚ್ಛೇದನ ಕೇಳುವ ದಾರಿಯೇ ಇರಲಿಲ್ಲ. ಸನ್ಯಾಸಿನಿಯರ ಕಥೆಯೂ ಬೇರೆಯಲ್ಲ. ವ್ಯಾಟಿಕನ್ ಪತ್ರಿಕೆಯ ಮಹಿಳಾ ಪುರವಣಿಯೇ 2018ರ ಮಾರ್ಚಿನಲ್ಲಿ, ಬಿಷಪರ, ಕಾರ್ಡಿನಲರ ಮನೆಗಳಲ್ಲಿ ಬಿಡಿಗಾಸಿಗೆ ಅಡುಗೆ, ಬಟ್ಟೆ, ಸ್ವಚ್ಛತೆಯ ಕೆಲಸ ಮಾಡುವ ಸಿಸ್ಟರುಗಳ ಅಳಲನ್ನು ಪ್ರಕಟಿಸಿತು. ಮರುವರ್ಷದ ಫೆಬ್ರವರಿಯಲ್ಲಿ, ಪಾದ್ರಿಗಳಿಂದ ಸನ್ಯಾಸಿನಿಯರ ಮೇಲೆ ದೌರ್ಜನ್ಯ ನಡೆದಿದೆ ಎಂಬುದನ್ನು ಪೋಪ್ ಫ್ರಾನ್ಸಿಸ್ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಗುಲಾಮನ ಸಹನೆಯಿಂದ ತೋಟದ ಒಡೆಯನಿಗೆ, ಹೆಂಡತಿಯ ಸಹನೆಯಿಂದ ಗಂಡನಿಗೆ, ಸಿಸ್ಟರಿನ ಸಹನೆಯಿಂದ ಮೇಲಿನವರಿಗೆ ಲಾಭ. ಇನ್ನೊಬ್ಬರ ಹೆಗಲಿಗೆ ಭಾರ ಹೊರಿಸಿ ತಾವು ಬೆರಳನ್ನೂ ಸೋಕಿಸದ ಧರ್ಮಬೋಧಕರನ್ನು ಯೇಸು ಖಂಡಿಸಿದ್ದು ಇಂಥದ್ದಕ್ಕೇ.

ಇಲ್ಲಿ ಅಮೆರಿಕದ ದೈವಶಾಸ್ತ್ರ ಚಿಂತಕಿ ವ್ಯಾಲರಿ ಸೇವಿಂಗ್ 1960ರಲ್ಲಿ ಬರೆದ ಒಂದು ಪ್ರಬಂಧವನ್ನು ನೆನೆಯಬೇಕು. ಪಾಪವೆಂದರೆ ಅಹಂಕಾರ, ವಿಮೋಚನೆಯೆಂದರೆ ತನ್ನನ್ನು ಮರೆಯುವುದು ಎಂಬ ದೈವಶಾಸ್ತ್ರವನ್ನು ಬರೆದವರೆಲ್ಲ ಗಂಡಸರು, ಅದು ಅವರ ಅನುಭವಕ್ಕೆ ಸರಿ. ಬಾಲ್ಯದಿಂದ ಇತರರ ಬೇಕುಬೇಡಗಳಲ್ಲಿ ಹಂಚಿಹೋದ ಹೆಣ್ಣಿನ ಸಂಕಟ ಅಹಂಕಾರದ್ದಲ್ಲ, ತನ್ನದೆಂಬ ನೆಲೆಯೇ ಇಲ್ಲದಿರುವುದು ಎಂಬುದು ಅವರ ವಾದ. ಎಲ್ಲ ಹೆಂಗಸರಿಗೂ ಇದು ಸಲ್ಲುತ್ತದೆಂದು ನಾನು ಹೇಳಲಾರೆ, ನೆಲೆ ಕಳೆದುಕೊಂಡ ಗಂಡಸರೂ ಇದ್ದಾರೆ. ಆದರೆ ರೋಗ ಯಾವುದೆಂದು ನೋಡದೆ ಎಲ್ಲರಿಗೂ ಒಂದೇ ಔಷಧ ಕೊಡಬಾರದೆಂಬ ಅವರ ಎಚ್ಚರಿಕೆ ಪ್ರವಚನ ಪೀಠದಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ನಿರೀಕ್ಷಿತವೇ. ಮೊಬೈಲ್ ತೆರೆದರೆ ಸಾಕು, ನಿನ್ನನ್ನು ನೀನು ಪ್ರೀತಿಸು, ನಿನಗೆ ಕಿರಿಕಿರಿ ಎನಿಸಿದವರನ್ನು ದೂರವಿಡು ಎಂಬ ಉಪದೇಶ ಸುರಿಯುವ ಕಾಲ ಇದು. ಅದನ್ನೇ ಸಂತರ ಬಾಯಿಂದ ಹೇಳಿಸುತ್ತಿದ್ದೀರಲ್ಲ ಎಂದು ಕೇಳಬಹುದು. ಭಯ ನಿಜವಾದದ್ದೇ. ಮುದಿ ತಂದೆತಾಯಿ ಹೊರೆಯಾದರು ಎಂದು ಕೈ ಕೊಡವಿಕೊಳ್ಳುವವನಿಗೆ ನಾನು ವಕಾಲತ್ತು ವಹಿಸುತ್ತಿಲ್ಲ. ಆದರೆ ಸಂತರು ಹೇಳುವ ತನ್ನರಿವು ಮನುಷ್ಯನನ್ನು ಓಲೈಸುವುದಿಲ್ಲ. ತನ್ನ ಆಸೆ, ಅಸೂಯೆ, ಹೊಗಳಿಕೆಯ ಹಸಿವನ್ನು ದೇವರ ಮುಂದೆ ಬಿಚ್ಚಿಡಬೇಕಾದ ಕಠಿಣ ಕೆಲಸ ಅದು. ಅಹಂಕಾರವನ್ನು ಎಲ್ಲಕ್ಕಿಂತ ಬೇಗ ಹಿಡಿದುಕೊಡುವುದೂ ಅದೇ. ಬಿಡಬೇಕಾದದ್ದು ಯಾವುದು, ಕಾಪಾಡಿಕೊಳ್ಳಬೇಕಾದದ್ದು ಯಾವುದು ಎಂದು ಗುರುತಿಸಲು ಬಾರದವರು ಸಿಕ್ಕಿದ್ದನ್ನೆಲ್ಲ ಬಿಡುತ್ತಾರೆ, ಬಿಡಬೇಕಾದ ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ಉಪವಾಸ ಮಾಡಿ ಮನೆಮಂದಿಯ ಮೇಲೆ ಸಿಡುಕುವವರನ್ನು, ತಾನೆಷ್ಟು ತ್ಯಾಗಿ ಎಂಬ ಲೆಕ್ಕ ಇಟ್ಟುಕೊಂಡವರನ್ನು ಎಲ್ಲ ಊರಲ್ಲೂ ಕಾಣಬಹುದು.

ಇನ್ನೊಂದು ಆಕ್ಷೇಪ ದೈವಶಾಸ್ತ್ರಜ್ಞರದು. ಕ್ರಿಸ್ತನ ಪ್ರೀತಿಯಲ್ಲಿ ಸ್ವಪ್ರೀತಿಗೆ ಜಾಗವೇ ಇಲ್ಲ, ನೆರೆಯವರನ್ನು ತನ್ನಂತೆ ಕಾಣಬೇಕೆಂಬ ಆಜ್ಞೆ ಸ್ವಪ್ರೀತಿಯನ್ನು ಕಲಿಸುವುದಿಲ್ಲ, ಅದು ಇರುವುದನ್ನು ಬಲ್ಲದು ಅಷ್ಟೇ ಎಂದು ಸ್ವೀಡನ್ನಿನ ಲೂಥರನ್ ಚಿಂತಕ ಆಂಡರ್ಸ್ ನಿಗ್ರೆನ್ 1930ರ ದಶಕದಲ್ಲಿ ಬಲವಾಗಿ ವಾದಿಸಿದರು. ಇದಕ್ಕೆ ಉತ್ತರವನ್ನು ಆದಿ ಧರ್ಮಸಭೆಯ ಚಿಂತಕ ಸಂತ ಅಗಸ್ಟೀನರು ಬಹಳ ಹಿಂದೆಯೇ ಕೊಟ್ಟಿದ್ದಾರೆ. ತನ್ನನ್ನು ಪ್ರೀತಿಸು ಎಂದು ಯಾರಿಗೂ ಆಜ್ಞೆ ಬೇಕಿಲ್ಲ, ಆದರೆ ತನಗೆ ಒಳಿತಾಗುವಂತೆ ಪ್ರೀತಿಸುವುದು ಹೇಗೆಂದು ಮನುಷ್ಯನಿಗೆ ಕಲಿಸಲೇಬೇಕು ಎಂಬುದು ಅವರ ನಿಲುವು. ಅಳತೆಗೋಲೇ ಮುರಿದಿದ್ದರೆ ಅದರಿಂದ ಅಳೆದ ನೆರೆಪ್ರೀತಿಯೂ ಮುರುಕಾಗಿರುತ್ತದೆ. ತನ್ನ ದೇಹವನ್ನು ದ್ವೇಷಿಸುವ ಗುರು ಶಿಷ್ಯರ ದೇಹಕ್ಕೆ ಕರುಣೆ ತೋರಿಸುವುದು ಕಷ್ಟ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೈಬಲಿನಿಂದಲೇ ಬರುತ್ತದೆ. ಪೇತ್ರನ ಮೊದಲ ಪತ್ರ ಕಠೋರ ಒಡೆಯರಿಗೂ ಅಧೀನರಾಗಿರಿ ಎಂದು ದಾಸರಿಗೆ, ಗಂಡಂದಿರಿಗೆ ಅಧೀನರಾಗಿರಿ ಎಂದು ಹೆಂಡತಿಯರಿಗೆ ಹೇಳುತ್ತದೆ. ಅದನ್ನು ಅಲ್ಲಗಳೆಯಲು ಬರುವುದಿಲ್ಲ. ಆದರೆ ಆ ಪತ್ರ ಹೋದದ್ದು ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದವರಿಗೆ. ದೂರು ಕೊಡಲು ನ್ಯಾಯಾಲಯವಿಲ್ಲದ ದಾಸನಿಗೆ, ನಿನ್ನ ನೋವಿನಲ್ಲಿ ಕ್ರಿಸ್ತನೂ ನಿನ್ನ ಜತೆಗಿದ್ದಾನೆ ಎಂಬ ಸಾಂತ್ವನ ಅದು. ಬಾಗಿಲು ತೆರೆದಿರುವಾಗ ಅದೇ ಮಾತನ್ನು ಅಗುಳಿಯಂತೆ ಬಳಸುವುದು ಸಾಂತ್ವನವನ್ನು ಸಂಕೋಲೆ ಮಾಡಿದಂತೆ. ಗುಲಾಮಗಿರಿಯ ವಿಷಯದಲ್ಲಿ ಇದನ್ನು ಇಡೀ ಕ್ರೈಸ್ತ ಜಗತ್ತು ಈಗ ಒಪ್ಪಿದೆ. ಆ ಪತ್ರವನ್ನು ಓದಿ ಯಾರೂ ಇವತ್ತು ಜೀತದಾಳನ್ನು ಒಡೆಯನ ಬಳಿಗೆ ಮರಳಿ ಕಳಿಸುವುದಿಲ್ಲ. ಏಟು ತಿಂದ ಹೆಂಡತಿಯನ್ನು ಮಾತ್ರ ಕಳಿಸುವುದು ಯಾವ ನ್ಯಾಯ?

ಹಾಗಾದರೆ ಪ್ರಾಣವನ್ನೇ ಕೊಟ್ಟವರ ಕಥೆ ಏನು? 1941ರ ಜುಲೈ ಕೊನೆಯಲ್ಲಿ ಔಶ್ವಿಟ್ಸ್ ಶಿಬಿರದಿಂದ ಒಬ್ಬ ಕೈದಿ ಕಾಣೆಯಾದನೆಂದು ಹತ್ತು ಜನರನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಫ್ರಾನ್ಸಿಶೆಕ್ ಗಯೊವ್ನಿಚೆಕ್ ಎಂಬಾತ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಪೋಲೆಂಡಿನ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಸಾಲಿನಿಂದ ಹೊರಬಂದು, ಆತನ ಬದಲು ನನ್ನನ್ನು ಕಳಿಸಿ ಎಂದರು. ಆಗಸ್ಟ್ 14ರಂದು ವಿಷದ ಚುಚ್ಚುಮದ್ದಿನಿಂದ ಅವರನ್ನು ಕೊಂದರು. 1982ರಲ್ಲಿ ಕೋಲ್ಬೆಯವರನ್ನು ಸಂತರೆಂದು ಘೋಷಿಸಿದಾಗ ಗಯೊವ್ನಿಚೆಕ್ ಅಲ್ಲೇ ಇದ್ದರು, 1995ರವರೆಗೆ ಬದುಕಿದ್ದರು. ಈ ಸಾವಿನ ಮುಂದೆ ತಲೆಬಾಗದವರು ಯಾರು? ಆದರೆ ಕೋಲ್ಬೆಯವರಿಗೆ ಹೋಗು ಎಂದವರು ಯಾರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಶಿಬಿರದ ಅಧಿಕಾರಿಯೇ ಅವರನ್ನು ಆರಿಸಿ ಕಳಿಸಿದ್ದರೆ ಅದು ಇನ್ನೊಂದು ಕೊಲೆಯಷ್ಟೇ ಆಗಿರುತ್ತಿತ್ತು. ಜೀವ ಅಮೂಲ್ಯವೆಂದು ಬಲ್ಲವರಾಗಿದ್ದರಿಂದಲೇ ಇನ್ನೊಬ್ಬರ ಜೀವಕ್ಕೆ ಅದನ್ನು ಕೊಟ್ಟರು. ಅವರ ಹೆಸರು ಹೇಳಿಕೊಂಡು, ಕುಡಿದು ಬಂದು ಬಡಿಯುವ ಗಂಡನ ಮನೆಗೆ ಹೆಣ್ಣನ್ನು ಮರಳಿಸುವುದು ಅವರ ತ್ಯಾಗಕ್ಕೆ ಮಾಡುವ ಅವಮಾನ.

ಕಥೋಲಿಕ ಧರ್ಮಸಭೆಯ ಕಾನೂನೇ ಈ ಮಾತಿಗೆ ಬೆಂಬಲವಾಗಿದೆ. 1983ರ ಧರ್ಮಸಭಾ ಸಂಹಿತೆಯ 1153ನೇ ವಿಧಿಯ ಪ್ರಕಾರ, ಸಂಗಾತಿಯಿಂದ ತನ್ನ ಅಥವಾ ಮಕ್ಕಳ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಇರುವುದಕ್ಕೆ ಅದು ನ್ಯಾಯವಾದ ಕಾರಣ. ತಡಮಾಡಿದರೆ ಅಪಾಯವೆಂದಿದ್ದರೆ ಬಿಷಪರ ಅಪ್ಪಣೆಗೂ ಕಾಯಬೇಕಿಲ್ಲ. 2016ರ ತಮ್ಮ ಪ್ರಬೋಧನೆಯಲ್ಲಿ ಪೋಪ್ ಫ್ರಾನ್ಸಿಸ್ ಇನ್ನೂ ಮುಂದೆ ಹೋಗಿ, ದುರ್ಬಲರನ್ನೂ ಮಕ್ಕಳನ್ನೂ ಹಿಂಸೆಯಿಂದ ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೇ ಆಗುತ್ತದೆ ಎಂದರು. ದೇಶದ ಕಾನೂನಿನಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಇದೆ. ನಮ್ಮ ಚರ್ಚುಗಳಲ್ಲಿ ಮದುವೆಗೆ ಮುಂಚೆ ವಧೂವರರಿಗೆ ನಡೆಸುವ ತರಬೇತಿಗಳಲ್ಲಿ ಕ್ಷಮೆ, ತಾಳ್ಮೆ, ತ್ಯಾಗದ ಪಾಠದ ಜತೆಗೆ ಈ 1153ನೇ ವಿಧಿಯನ್ನೂ ಕನ್ನಡದಲ್ಲಿ, ಕೊಂಕಣಿಯಲ್ಲಿ, ತುಳುವಿನಲ್ಲಿ ಬಿಡಿಸಿ ಹೇಳಬೇಕು. ಸಲಹೆ ಕೇಳಿ ಬಂದವಳಿಗೆ ಶಿಲುಬೆಯ ಮಾತು ಹೇಳುವ ಮೊದಲು ಫಾದರ್ ಆಗಲಿ ಪಾಸ್ಟರ್ ಆಗಲಿ, ಮನೆಯಲ್ಲಿ ಏಟು ಬೀಳುತ್ತಿದೆಯೇ ಎಂದು ಕೇಳಬೇಕು. ಹೌದು ಎಂದರೆ ಅವಳನ್ನೂ ಮಕ್ಕಳನ್ನೂ ಆ ರಾತ್ರಿ ಉಳಿಸಿಕೊಳ್ಳುವ ಜಾಗ ಯಾವುದೆಂದು ಅವರಿಗೆ ಮೊದಲೇ ಗೊತ್ತಿರಬೇಕು. ಮಹಿಳಾ ಸಹಾಯವಾಣಿಯ ಸಂಖ್ಯೆ 181 ಪ್ರತಿ ಚರ್ಚಿನ ಸೂಚನಾ ಫಲಕದಲ್ಲಿ, ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲೇ, ಕಾಣುವಂತಿರಬೇಕು.